ಇಟಲಿ ಮಾತಿಗೆ ತವರು ಸೇರಿದವರನ್ನು ವಾಪಸು ಕೋರಿ

ಗುಂಡ್ಲುಪೇಟೆ, 14-3-1956

ಇಂದ: ನೀಲಕಂಠಸ್ವಾಮಿ, ಎರಡನೇ ದರ್ಜೆ ಗುಮಾಸ್ತ. ಒಲೆ ಹೊತ್ತಿಸಲು ಬಾರದ ಕಾರಣ ಸದ್ಯ ಹೋಟೆಲ್ ಊಟ.

ಗೆ: ಶ್ರೀ ಮಾದಪ್ಪನವರು, ನಿವೃತ್ತ ಶೇಕದಾರರು ಹಾಗೂ ನನ್ನ ಮಾವನವರು, ಭೀಮನಬೀಡು.

ವಿಷಯ: ತಮ್ಮ ಮಗಳೂ ನನ್ನ ಹೆಂಡತಿಯೂ ಆದ ಮಂಗಳಗೌರಿಯನ್ನು ಮರಳಿ ಕಳುಹಿಸಿಕೊಡುವ ಬಗ್ಗೆ.

ಉಲ್ಲೇಖ: ಬಸ್ಸು ಹತ್ತುವಾಗ ಅತ್ತೆಯವರು ನೀಡಿದ ಮೌಖಿಕ ಆದೇಶ, "ಏನಿದ್ರೂ ಅವ್ರ್ಗೆ ಬರ್ದು ಕೊಡಿ." (ಅವರು ಎಂದರೆ ತಾವು.)

ಮಾನ್ಯ ಮಾವನವರೇ,

೧. ಅಬ್ದುಲ್ ಜಬ್ಬಾರ್ ಸಾಹೇಬರ ರದ್ದಿ ಅಂಗಡಿಯಲ್ಲಿ ನನಗೆ ಇಂಗ್ಲಿಷ್ ಅರ್ಥಸಹಿತ ಇಟಲಿ ಭಾಷೆ ಕಲಿಸುವ ಪುಸ್ತಕವೊಂದು ಸಿಕ್ಕಿತು. ಯುದ್ಧಕಾಲದಲ್ಲಿ ಬೆಂಗಳೂರಿನಲ್ಲಿದ್ದ ಇಟಲಿ ಕೈದಿಗಳದ್ದಂತೆ. ಬೆಳಿಗ್ಗೆ ಪೂಜೆ ಮುಗಿಸಿ ದಿನಕ್ಕೊಂದು ಪದ, ಅದರ ಪಕ್ಕ ಪೆನ್ಸಿಲಿನಲ್ಲಿ ಕನ್ನಡದ ಅರ್ಥ, ಹೀಗೆ ಕಲಿಯತೊಡಗಿದೆ.

೨. ಕಾರಣವನ್ನು ಮುಚ್ಚಿಡುವುದಿಲ್ಲ. ಮದುವೆಯಾಗಿ ಮೂರು ವರ್ಷವಾದರೂ ಮಂಗಳಗೌರಿ ನನಗೆಷ್ಟು ಇಷ್ಟವೆಂದು ಕನ್ನಡದಲ್ಲಿ ಹೇಳಲು ನಾಲಿಗೆ ಏಳುತ್ತಿರಲಿಲ್ಲ. ಇಟಲಿಯಲ್ಲಾದರೆ ನಾಚಿಕೆಯಿಲ್ಲ, ಬೀದಿಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಅವಳಿಗೂ ತಿಳಿಯುವುದಿಲ್ಲ ಎಂಬ ಅಂಶವು ಆಗ ಗಮನಕ್ಕೆ ಬರಲಿಲ್ಲ.

೩. ಮೊದಲ ದಿನ "ಬೆಲ್ಲಾ", ಅಂದರೆ ಚೆಲುವೆ, ಎಂದೆ. ಅಚ್ಚು ಬೆಲ್ಲ ತಂದಿಟ್ಟಳು. ಮರುದಿನ ಊಟದ ನಡುವೆ "ಕಾರಾ", ಅಂದರೆ ಪ್ರಿಯೆ, ಎಂದೆ. ಸಾರು ಖಾರವಾಯಿತೆಂದು ತುಪ್ಪ ಬಡಿಸಿದಳು. ಎರಡನ್ನೂ ಕೂಡಿಸಿ ಹೇಳಿದ ದಿನ ನನ್ನ ಹಣೆ ಮುಟ್ಟಿ ನೋಡಿ, "ನಾಲ್ಗೆ ರುಚಿ ಕೆಟ್ಟೋಗದೆ ಕನ್ರೀ, ಕಷಾಯ ಮಾಡ್ತೀನಿ" ಅಂದಳು. ಕಷಾಯ ಕುಡಿದೆ. ಆದರೂ ನನ್ನ ಸಂತೋಷಕ್ಕೆ ಮಿತಿಯಿರಲಿಲ್ಲ. ಕಚೇರಿಯಲ್ಲಿ ಕಂದಾಯದ ಕಡತಕ್ಕೂ ಬೆಲ್ಲಾ ಎಂದುಬಿಟ್ಟೆ.

೪. ಕಳೆದ ಭಾನುವಾರದ ಪದ "ಅಮೋರೆ", ಅಂದರೆ ಪ್ರೀತಿ. ಅತ್ತೆಯವರು ಬಂದಿದ್ದುದು ನನಗೆ ತಿಳಿದಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಸೆರಗು ಕಂಡೊಡನೆ ತಡೆಯಲಾರದೆ ಗಟ್ಟಿಯಾಗಿ "ಅಮೋರೆ" ಎಂದೆ. ತಿರುಗಿದವರು ಅತ್ತೆಯವರು.

"ಆ ಮೋರೆನಾ? ಈ ಮೋರೆಗೇನಾಗದೆ, ಅಳಿಯಂದ್ರೇ?" ಎಂದು ಕೇಳಿದರು. ಗಾಬರಿಯಲ್ಲಿ ನಾನು ಅದನ್ನೇ ಇನ್ನೆರಡು ಸಲ ಹೇಳಿದೆ. ಆದ ಕಾರಣ ತಾಯಿ ಮಗಳಿಬ್ಬರೂ ಹನ್ನೆರಡರ ಬಸ್ಸು ಹಿಡಿದರು.

೫. ನಿನ್ನೆ ಮಂಗಳಗೌರಿಯ ಕಾರ್ಡು ತಲುಪಿತು. ಒಂದೇ ಅಕ್ಷರ: "ತೂ". ನಮ್ಮ ಕಡೆ ಥಕಾರಕ್ಕೂ ತಕಾರವನ್ನೇ ಬರೆಯುವ ರೂಢಿಯಿರುವುದರಿಂದ, ಉಗಿದಿದ್ದಾಳೆಂದು ತಿಳಿದು ಊಟ ಬಿಟ್ಟೆ. ಆಮೇಲೆ ನೆನಪಾಯಿತು. ಇಟಲಿಯಲ್ಲಿ "ತೂ" ಎಂದರೆ "ನೀನು", ಬಹಳ ಹತ್ತಿರದವರಿಗೆ ಮಾತ್ರ ಹೇಳುವುದು. ಮೂರು ವರ್ಷದಲ್ಲಿ ಒಮ್ಮೆಯೂ ಅವಳು ನನ್ನನ್ನು ನೀನು ಎಂದವಳಲ್ಲ. ಖಾತ್ರಿ ಮಾಡಿಕೊಳ್ಳಲು ಪುಸ್ತಕ ಹುಡುಕಿದೆ. ಪುಸ್ತಕ ಮನೆಯಲ್ಲೆಲ್ಲೂ ಇಲ್ಲ.

ಆದ್ದರಿಂದ ತಾವು ಸದರಿಯವರನ್ನು ಕರೆದು, ಅದು ತಕಾರವೋ ಥಕಾರವೋ ಎಂದು ವಿಚಾರಿಸಿ, ತಕಾರವಾಗಿದ್ದಲ್ಲಿ ಮೊದಲ ಬಸ್ಸಿಗೆ, ಥಕಾರವಾಗಿದ್ದಲ್ಲಿ ಎದುರಿಗೇ ಉಗಿಯುವ ಸಲುವಾಗಿ ಅದೇ ಬಸ್ಸಿಗೆ ಕಳುಹಿಸಿಕೊಡಬೇಕಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿಯೂ ಅಳಿಯನೂ ಆದ,
ನೀಲಕಂಠಸ್ವಾಮಿ

ಲಗತ್ತುಗಳು:
ಅ) ಕಾರ್ಡಿನ ನಕಲು. ಮೂಲ ಪ್ರತಿ ನನ್ನ ಅಂಗಿಯ ಜೇಬಿನಲ್ಲಿದೆ, ಕೊಡಲಾಗುವುದಿಲ್ಲ.
ಆ) ಅತ್ತೆಯವರಿಗೆ ಅಚ್ಚು ಬೆಲ್ಲ, ಎರಡು. ಇದು ಕನ್ನಡದ ಬೆಲ್ಲ.
ಇ) ಪುಸ್ತಕ ಲಗತ್ತಿಸಿಲ್ಲ. ದಯಮಾಡಿ ಸದರಿಯವರ ಟ್ರಂಕಿನಲ್ಲಿ ನೋಡುವುದು.