ಮೇಷ್ಟ್ರು ಕೂಗದ ದಿನ

ಎಲ್ಲ ಶುರುವಾದದ್ದು ಅರ್ಧ ಚಮಚ ಪುಡಿಯಿಂದ. ಅದೂ ಎಂಥ ಪುಡಿ! ಮಣ್ಣಿನ ಬಣ್ಣ, ಹಳೇ ಗೋಣಿಚೀಲದ ವಾಸನೆ, ನಾಲಿಗೆಗೆ ತಾಗಿದರೆ ಮುಖ ತನ್ನಷ್ಟಕ್ಕೆ ತಾನೇ ಹಿಂಡಿಕೊಳ್ಳುವ ಅಶ್ವಗಂಧದ ಪುಡಿ.

"ಮೂಗು ಹಿಡ್ಕೊಂಡು ಕುಡಿದ್ಬಿಡಿ," ಅಂದಳು ಹೆಂಡತಿ, ಬಿಸಿ ಹಾಲಿನ ಲೋಟ ಮುಂದೆ ಹಿಡಿದು. "ಟೆನ್ಶನ್ ಕಮ್ಮಿ ಆಗತ್ತಂತೆ. ಮನಸ್ಸು ಹಗುರ ಆಗತ್ತಂತೆ. ಡಬ್ಬಿ ಮೇಲೇ ಬರ್ದಿದೆ."

"ಡಬ್ಬಿ ಮೇಲೆ ಇನ್ನೇನು ಬರೀತಾರೆ? ಆಗಲ್ಲ ಅಂತ ಬರೀತಾರಾ?"

"ನೋಡಿ, ಇದೇ! ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ, ಆಗಲೇ ಕೂಗಾಟ."

ಅವರು ಕೂಗಿರಲಿಲ್ಲ. ಮಾತಾಡಿದ್ದರು, ಅಷ್ಟೇ. ಆದರೆ ಹದಿನೇಳು ವರ್ಷ ಡ್ರೈವಿಂಗ್ ಸ್ಕೂಲಿನಲ್ಲಿ, ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ಜೀವ ಉಳಿಸಿಕೊಂಡ ಮನುಷ್ಯ ಅವರು. ಮಾತಿಗೂ ಕೂಗಿಗೂ ನಡುವಿನ ಬೇಲಿ ಎಂದೋ ಮುರಿದುಬಿದ್ದಿತ್ತು. ಎದುರಿಗೆ ಎಲ್ಲರೂ ಅವರನ್ನು ಮೇಷ್ಟ್ರು ಅನ್ನುತ್ತಿದ್ದರು. ಬೆನ್ನ ಹಿಂದೆ, ಹಾರ್ನ್ ಮೇಷ್ಟ್ರು.

ಕೂಗುವವರೆಲ್ಲ ಧೈರ್ಯವಂತರು ಅಂತ ಜನ ತಿಳಿದಿದ್ದಾರೆ. ಮೇಷ್ಟ್ರು ಕೂಗುತ್ತಿದ್ದುದು ಭಯಕ್ಕೆ. ಎದುರಿಗೆ ಲಾರಿ ಬಂದರೆ ಭಯ, ನಾಯಿ ಅಡ್ಡ ಬಂದರೆ ಭಯ, ಯಾರೂ ಬರದೆ ರಸ್ತೆ ಖಾಲಿ ಇದ್ದರೆ ಇನ್ನೂ ಭಯ. ಸೀಟಿನಿಂದ ಇಳಿದರೋ, ಅವರಷ್ಟು ಮೆತ್ತಗಿನ ಮನುಷ್ಯ ಮತ್ತೊಬ್ಬನಿಲ್ಲ. ಯಾರಾದರೂ ಗಟ್ಟಿಯಾಗಿ ಒಂದು ಮಾತು ಹೇಳಿದರೆ, ಹೇಳಿದವರದು ತಪ್ಪಿರಬಹುದು ಅನ್ನುವ ಮೊದಲು ತಮ್ಮದೇ ತಪ್ಪಿರಬೇಕು ಅಂತ ಮೇಷ್ಟ್ರಿಗೆ ಅನ್ನಿಸುತ್ತಿತ್ತು.

ಪುಡಿ ಮನೆಗೆ ಬರಲು ಕಾರಣವಿತ್ತು. ಹಿಂದಿನ ದಿನ ಸ್ಕೂಲಿನ ಯಜಮಾನರು ಅವರನ್ನು ಒಳಗೆ ಕರೆದು, ಮೇಜಿನ ಮೇಲೆ ಮೂರು ದೂರಿನ ಪತ್ರಗಳನ್ನು ಇಸ್ಪೀಟಿನ ಎಲೆ ಹರಡಿದಂತೆ ಹರಡಿದ್ದರು. ಒಬ್ಬರು, ಮೇಷ್ಟ್ರ ಕೂಗಿಗೆ ಎಡಗಿವಿ ಗುಂಯ್ ಅನ್ನುತ್ತಿದೆ ಎಂದು ಬರೆದಿದ್ದರು. ಇನ್ನೊಬ್ಬ ಮಹಿಳೆ, ನಿದ್ದೆಯಲ್ಲೂ ಬ್ರೇಕ್ ಒತ್ತುತ್ತಿದ್ದೇನೆ, ಮನೆಯವರಿಗೆ ಒದೆ ಬೀಳುತ್ತಿದೆ ಎಂದಿದ್ದರು. ಮೂರನೆಯವರು ಬರೀ 'ಅಯ್ಯೋ' ಅಂತ ಬರೆದು ಕೆಳಗೆ ಸಹಿ ಹಾಕಿದ್ದರು.

"ನಾಲ್ಕನೇ ದೂರು ಬಂತೋ, ನೀವು ಗಾಡಿಯಿಂದ ಇಳಿದು ಸೀದಾ ಫೋನ್ ಮೇಜಿಗೆ," ಅಂದಿದ್ದರು ಯಜಮಾನರು.

ಫೋನ್ ಮೇಜು ಅಂದರೆ ಆಫೀಸಿನ ಬಾಗಿಲಿಗೆ ಅಂಟಿಕೊಂಡ ಮೇಜು. ಬಂದವರ ಗೊಣಗಾಟ, ಫೋನಿನವರ ಗೊಣಗಾಟ, ಎರಡನ್ನೂ ಬೆಳಗಿಂದ ಸಂಜೆವರೆಗೆ ಕೇಳಿ ಹೂಂಗುಟ್ಟುವ ಕೆಲಸ. ಅಲ್ಲಿ ಸ್ಟೇರಿಂಗ್ ಇಲ್ಲ, ಗೇರಿಲ್ಲ, ಕಾಲ ಕೆಳಗೆ ಬ್ರೇಕಿಲ್ಲ. ಮೇಷ್ಟ್ರನ್ನು ಅಲ್ಲಿ ಕೂರಿಸುವುದೆಂದರೆ ಮೀನನ್ನು ನೀರಿನಿಂದ ತೆಗೆದು ಬೀರುವಿನಲ್ಲಿಟ್ಟ ಹಾಗೆ.

ಇವತ್ತೊಂದು ದಿನ ಬಾಯಿ ಮುಚ್ಚಿಕೊಂಡು ಕಳೆದರೆ ಸಾಕು ಎಂದು ಮೇಷ್ಟ್ರು ಮೂಗು ಹಿಡಿದು ಹಾಲು ಕುಡಿದರು.

ಮೆಟ್ಟಿಲಿಳಿಯುವಾಗ ಮೇಲಿನ ಮನೆಯ ಕಾಂಪೌಂಡರ್ ಮಾವ ಸಿಕ್ಕಿದರು. ಕೆಲಸದಿಂದ ನಿವೃತ್ತರಾಗಿ ಹನ್ನೆರಡು ವರ್ಷವಾದರೂ ಇಡೀ ಕಟ್ಟಡದ ಹೊಟ್ಟೆಯ ಯೋಗಕ್ಷೇಮ ಅವರದೇ.

"ಏನಯ್ಯಾ, ಬಾಯಲ್ಲಿ ಅಶ್ವಗಂಧ ಘಮ್ ಅಂತಿದೆ? ಯಾತರಲ್ಲಿ ತಗೊಂಡೆ?"

"ಹಾಲಲ್ಲಿ ಮಾವ."

"ಹಾಲಲ್ಲಾ! ಹಾಲು ಹೊಟ್ಟೆಗೆ ಹೋಯ್ತು, ಪುಡಿ ನೀರಲ್ಲಿ ಹೋಮ ಆಯ್ತು. ಬಿಸಿನೀರಲ್ಲಿ ತಗೋಬೇಕು ಕಣಯ್ಯ, ಒಂದು ಚಮಚ ತುಂಬ."

"ಆಗಲೇ ತಗೊಂಡಾಯ್ತಲ್ಲ ಮಾವ..."

"ಅದು ಲೆಕ್ಕಕ್ಕಿಲ್ಲ. ಬಾ ಒಳಗೆ."

ಲೆಕ್ಕಕ್ಕಿಲ್ಲ ಅಂದಮೇಲೆ ಮತ್ತೆ ತೆಗೆದುಕೊಳ್ಳದೆ ಹೇಗೆ? ಮೇಷ್ಟ್ರು ಒಳಗೆ ಹೋಗಿ, ಒಂದು ಚಮಚ ತುಂಬ ತೆಗೆದುಕೊಂಡು ಹೊರಗೆ ಬಂದರು.

ಸ್ಕೂಲಿನಲ್ಲಿ ರಸ್ತೆ ನಿಯಮ ಪಾಠ ಮಾಡುವ ಸಹೋದ್ಯೋಗಿಯೊಬ್ಬರಿದ್ದರು. ಪ್ರತಿ ಮಾತಿಗೂ ನಂಬರು ಹಾಕುವ ಅಭ್ಯಾಸದಿಂದ ಅವರಿಗೆ ಪಾಯಿಂಟ್ ಸರ್ ಅಂತ ಹೆಸರು. ಮೇಷ್ಟ್ರ ಚೀಲದಲ್ಲಿ ಇಣುಕುತ್ತಿದ್ದ ಡಬ್ಬಿ ಅವರ ಕಣ್ಣಿಗೆ ಬಿತ್ತು.

"ಒಂದನೇ ಪಾಯಿಂಟು, ಇದು ಒಳ್ಳೇದು. ಎರಡನೇ ಪಾಯಿಂಟು, ಬಿಸಿನೀರಲ್ಲಿ ತಗೊಂಡ್ರೆ ದಂಡ. ಜೇನುತುಪ್ಪ ಇರ್ಬೇಕು. ಮೂರನೇ ಪಾಯಿಂಟು, ನನ್ನ ಹತ್ರ ಜೇನುತುಪ್ಪ ಇದೆ."

"ಈಗಾಗ್ಲೇ ಎರಡು ಸಲ ಆಗಿದೆ ಸರ್."

"ತಪ್ಪು ದಾರೀಲಿ ಎರಡು ಸಲ ಹೋದ್ರೆ ಊರು ಸಿಗತ್ತಾ?"

ಮೇಷ್ಟ್ರು ಬಾಯಿ ತೆರೆದರು. ಪಾಯಿಂಟ್ ಸರ್ ಎರಡು ಚಮಚ ಪುಡಿಯನ್ನು ಜೇನಿನಲ್ಲಿ ಕಲಸಿ, ಮಗುವಿಗೆ ಔಷಧಿ ನೆಕ್ಕಿಸುವ ಹಾಗೆ ನೆಕ್ಕಿಸಿದರು. ನೆಕ್ಕಿಸಿ, "ಈಗ ಹೇಗನ್ನಿಸ್ತಿದೆ?" ಅಂದರು.

"ನಾಲಿಗೆ ಅಂಗುಳಕ್ಕೆ ಅಂಟ್ಕೊಂಡಿದೆ."

"ನೋಡಿ, ಕೂಗೋಕಾಗಲ್ಲ. ಕೆಲಸ ಶುರುವಾಯ್ತು."

ಹತ್ತೂವರೆಗೆ ಹೆಡ್‌ಮೇಡಂ ಬಂದರು. ಮೂವತ್ತೆರಡು ವರ್ಷ ಹೈಸ್ಕೂಲು ಆಳಿ ನಿವೃತ್ತರಾದವರು. ಡ್ರೈವಿಂಗ್ ಪರೀಕ್ಷೆಯಲ್ಲಿ ನಾಲ್ಕು ಸಲ ಫೇಲಾಗಿದ್ದರು. ಜೀವನದಲ್ಲಿ ಮತ್ತೆ ಯಾವುದರಲ್ಲೂ ಫೇಲಾಗಿರದ ಕಾರಣ ಅದೊಂದು ಮುಳ್ಳಾಗಿ ಕೂತಿತ್ತು. ಐದನೇ ಪರೀಕ್ಷೆ ಇವತ್ತೇ, ಮಧ್ಯಾಹ್ನ ಮೂರಕ್ಕೆ. ಅದಕ್ಕೆ ಮೊದಲು ಕೊನೆಯ ಪಾಠ.

ಗಾಡಿ ಹೊರಟಿತು. ಮೊದಲ ತಿರುವಿನಲ್ಲಿ ಒಂದು ಸೈಕಲ್ಲು ಅಡ್ಡ ಬಂತು. ಬೇರೆ ದಿನವಾಗಿದ್ದರೆ ಮೇಷ್ಟ್ರ ಬಾಯಿಂದ ಹೊರಟ "ಬ್ರೇಏಏಕ್!" ಸೈಕಲ್ಲಿನವನನ್ನೂ ಸೇರಿಸಿ ಬೀದಿಯನ್ನೆಲ್ಲ ನಿಲ್ಲಿಸುತ್ತಿತ್ತು. ಇವತ್ತು ಅವರು ಹಲ್ಲು ಕಚ್ಚಿ, "ಬ್ರೇಕ್ ಹಾಕ್ತೀರಾ ಅಮ್ಮಾ," ಎಂದು, ಹೂವು ಕೇಳಿದಷ್ಟು ಮೆಲ್ಲಗೆ ಕೇಳಿದರು.

ಹೆಡ್‌ಮೇಡಂ ಹಾಕಲಿಲ್ಲ. ಮೇಷ್ಟ್ರೇ ತಮ್ಮ ಕಾಲ ಕೆಳಗಿದ್ದ ಎರಡನೇ ಬ್ರೇಕನ್ನು ಒತ್ತಿ ಗಾಡಿ ನಿಲ್ಲಿಸಿದರು.

"ಏನೋ ಅಂದ್ರಾ?" ಅಂದರು ಹೆಡ್‌ಮೇಡಂ.

ಎರಡನೇ ತಿರುವಿನಲ್ಲೂ ಹಾಗೇ. ಮೂರನೆಯದರಲ್ಲೂ ಹಾಗೇ. ಆಗ ಮೇಷ್ಟ್ರಿಗೆ ಒಂದು ಭಯಂಕರ ಸತ್ಯ ಹೊಳೆಯಿತು. ಐದು ತಿಂಗಳಿಂದ ಈಕೆ ಬ್ರೇಕ್ ಹಾಕುವುದನ್ನು ಕಲಿತಿದ್ದು ರಸ್ತೆ ನೋಡಿ ಅಲ್ಲ, ತಮ್ಮ ಕೂಗು ಕೇಳಿ! ಕಣ್ಣಿಗೂ ಕಾಲಿಗೂ ಸಂಬಂಧವೇ ಬೆಳೆದಿರಲಿಲ್ಲ. ಕಿವಿಯಿಂದ ನೇರ ಕಾಲಿಗೆ ಲೈನು ಎಳೆದಂತಿತ್ತು.

ಹೆಡ್‌ಮೇಡಂ ಗಾಡಿಯನ್ನು ಬದಿಗೆ ಹಾಕಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಮೇಷ್ಟ್ರೇ, ನಿಜ ಹೇಳಿ. ಇವತ್ತು ಯಾಕೆ ನನ್ನನ್ನ ಬೈತಿಲ್ಲ?"

"ಛೆ ಛೆ, ಬೈಯೋದೇನಮ್ಮ..."

"ನನಗೆ ಗೊತ್ತು. ದಡ್ಡ ಹುಡುಗರನ್ನ ನಾನೂ ಬೈತಿದ್ದೆ. ಬೈಯೋವರೆಗೂ ಆಸೆ ಇರತ್ತೆ. ಇನ್ನಾಗಲ್ಲ ಅಂತ ಅನ್ನಿಸ್ದಾಗ ಸುಮ್ಮನಾಗ್ತಿದ್ದೆ. ನೀವು ನನ್ನ ಕೈಬಿಟ್ರಿ, ಅಲ್ವಾ?"

"ಅಯ್ಯೋ, ಹಾಗಲ್ಲಮ್ಮ..." ಅನ್ನುವಷ್ಟರಲ್ಲಿ ಮೇಷ್ಟ್ರ ಹೊಟ್ಟೆಯೊಳಗಿಂದ, ಮೂರೂವರೆ ಚಮಚ ಪುಡಿ ಹಾಲು ನೀರು ಜೇನು ಕೂಡಿ, ಫಸ್ಟ್ ಗೇರಿನಲ್ಲಿ ಗುಡ್ಡ ಹತ್ತುವ ಲಾರಿಯಂಥ ಸದ್ದು ಹೊರಟಿತು. ಜೊತೆಗೆ ಒಂದು ಆಕಳಿಕೆ. ತಡೆಯಲು ನೋಡಿದರು. ಆಗಲಿಲ್ಲ. ಬಾಯಿ ಗ್ಯಾರೇಜಿನ ಬಾಗಿಲಿನ ಹಾಗೆ ತೆರೆದುಕೊಂಡಿತು.

ಹೆಡ್‌ಮೇಡಂ ಆ ಆಕಳಿಕೆಯನ್ನು ಕೊನೆಯವರೆಗೂ ನೋಡಿದರು. ಆಮೇಲೆ ಗಾಡಿ ವಾಪಸು ತಿರುಗಿಸಿದರು.

ಮಧ್ಯಾಹ್ನ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ಮೆಡಿಕಲ್ ಶಾಪಿಗೆ ಹೋದರು. ಅಂಗಡಿಯ ಹೆಂಗಸು ಡಬ್ಬಿಯನ್ನೊಮ್ಮೆ, ಮೇಷ್ಟ್ರನ್ನೊಮ್ಮೆ ನೋಡಿದಳು.

"ಯಾವತ್ತಿಂದ ತಗೋತಿದ್ದೀರಾ ಸರ್?"

"ಇವತ್ತು ಬೆಳಗ್ಗೆಯಿಂದ."

"ಎಷ್ಟು?"

ಮೇಷ್ಟ್ರು ಹೇಳಿದರು. ಆಕೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

"ಇದೇನು ಸ್ವಿಚ್ಚಾ ಸರ್, ಒತ್ತಿದ ತಕ್ಷಣ ದೀಪ ಹತ್ಕೊಳ್ಳೋಕೆ? ಕೆಲವರಿಗೆ ಅನುಕೂಲ ಆಗತ್ತೆ ಅಂತಾರೆ, ಅದೂ ವಾರಗಟ್ಟಲೆ ತಗೊಂಡ್ಮೇಲೆ. ಹೀಗೆ ಮುಕ್ಕಿದ್ರೆ ಹೊಟ್ಟೆ ಕೆಡತ್ತೆ, ತೂಕಡಿಕೆ ಬರತ್ತೆ ಅಷ್ಟೇ. ಡಾಕ್ಟರನ್ನ ಕೇಳದೆ ಇನ್ನೊಂದು ಚಮಚಾನೂ ಮುಟ್ಬೇಡಿ. ಈ ಸ್ಥಿತೀಲಿ ಗಾಡೀನೂ ಮುಟ್ಬೇಡಿ."

ಅಂದರೆ ಬೆಳಗಿನಿಂದ ತಮ್ಮನ್ನು ಸುಮ್ಮನಿರಿಸಿದ್ದು ಪುಡಿಯಲ್ಲ, ಬರೀ ಫೋನ್ ಮೇಜಿನ ಹೆದರಿಕೆ ಎಂದಾಯಿತು. ಅದು ತಿಳಿದು ಮೇಷ್ಟ್ರಿಗೆ ಹೊಸದಾಗಿ ಹೆದರಿಕೆಯಾಯಿತು.

ಮೂರು ಗಂಟೆಗೆ ಪರೀಕ್ಷೆಯ ಮೈದಾನ. ಹೆಡ್‌ಮೇಡಂ ತಮ್ಮ ಸ್ವಂತ ಹೊಸ ಕಾರು ತಂದಿದ್ದರು. ಅದರಲ್ಲಿ ಎರಡನೇ ಬ್ರೇಕ್ ಇರಲಿಲ್ಲ. ಪಕ್ಕದಲ್ಲಿ ಇನ್ಸ್‌ಪೆಕ್ಟರು ಫೈಲು ಹಿಡಿದು ಕೂತರು. ಆಚೆ, ಮೇಷ್ಟ್ರ ಬೇರೆ ಶಿಷ್ಯರು ಓಡಿಸುತ್ತಿದ್ದ ಸ್ಕೂಲಿನ ಮೂರು ಗಾಡಿಗಳು ತಮ್ಮ ಸರದಿ ಕಾಯುತ್ತಾ ಸುತ್ತು ಹಾಕುತ್ತಿದ್ದವು. ಮೇಷ್ಟ್ರು ಬೇಲಿಯ ಹೊರಗೆ ನಿಂತರು. ಪಕ್ಕದಲ್ಲೇ ಯಜಮಾನರು.

"ಇವತ್ತು ನಿಮ್ಮ ಧ್ವನಿ ಕೇಳಿಸ್ಲೇ ಇಲ್ಲ," ಅಂದರು ಯಜಮಾನರು. "ಸಂತೋಷ ಆಯ್ತು. ಹೀಗೇ ಇರಿ."

ಹೆಡ್‌ಮೇಡಂ ಎಂಟರ ಆಕಾರದಲ್ಲಿ ಗಾಡಿ ತಿರುಗಿಸಿದರು, ಚೆನ್ನಾಗಿತ್ತು. ಹಿಂದಕ್ಕೆ ಬಿಟ್ಟರು, ಪರವಾಗಿಲ್ಲ. ಕೊನೆಗೆ ಇಳಿಜಾರು. ಇಳಿದು, ಕೆಳಗಿನ ಬಿಳಿ ಗೆರೆಯ ಮೇಲೆ ನಿಲ್ಲಿಸಬೇಕು. ಗೆರೆಯಿಂದ ಆಚೆಗೆ ಇನ್ಸ್‌ಪೆಕ್ಟರ ಆಫೀಸಿನ ಗೋಡೆ. ಗಾಡಿ ಇಳಿಯತೊಡಗಿತು. ಇನ್ಸ್‌ಪೆಕ್ಟರು ತಲೆ ಬಗ್ಗಿಸಿ ಏನೋ ಬರೆಯುತ್ತಿದ್ದರು. ಹೆಡ್‌ಮೇಡಂ ಗೆರೆಯನ್ನು ನೋಡುತ್ತಿದ್ದರು. ನೋಡುತ್ತಲೇ ಇದ್ದರು. ಕಾಲು ಮಾತ್ರ ಕಿವಿಯ ಅಪ್ಪಣೆಗೆ ಕಾಯುತ್ತಿತ್ತು.

ಮೇಷ್ಟ್ರ ಕಣ್ಣ ಮುಂದೆ ಫೋನ್ ಮೇಜು ಬಂತು. ಗೋಡೆಯೂ ಬಂತು. ಗೋಡೆ ಮೇಜಿಗಿಂತ ಬೇಗ ಬರುತ್ತಿತ್ತು.

"ಬ್ರೇಏಏಏಕ್!"

ಬೆಳಗಿನಿಂದ ನುಂಗಿಟ್ಟದ್ದೆಲ್ಲ ಒಂದೇ ಸಲ ಹೊರಬಿತ್ತು. ಬೇಲಿಯ ಮೇಲಿನ ಕಾಗೆಗಳು ಹಾರಿಹೋದವು. ಹೆಡ್‌ಮೇಡಂ ಕಾರು ಬಿಳಿ ಗೆರೆಯ ಮೇಲೆ ಹೊಲಿಗೆ ಹಾಕಿದಂತೆ ನಿಂತಿತು. ಅದಷ್ಟೇ ಅಲ್ಲ, ಮೈದಾನದ ಮೂಲೆಮೂಲೆಯಲ್ಲಿದ್ದ ಆ ಮೂರು ಗಾಡಿಗಳೂ ಅದೇ ಕ್ಷಣದಲ್ಲಿ ನಿಂತವು. ಯಜಮಾನರು ನಿಂತೇ ಇದ್ದರು. ಆದರೂ ಅವರ ಬಲಗಾಲು ನೆಲವನ್ನು ಒತ್ತಿಕೊಂಡಿತು.

ಇನ್ಸ್‌ಪೆಕ್ಟರು ಕೆಳಗಿಳಿದು ನಾಲ್ಕೂ ಗಾಡಿಗಳನ್ನು ನೋಡಿದರು. ಕೂಗು ಎಲ್ಲಿಂದ ಬಂತೆಂದು ಅವರು ಕೇಳಲೂ ಇಲ್ಲ.

"ನನ್ನ ಇಷ್ಟು ವರ್ಷದ ಸರ್ವೀಸಲ್ಲಿ ಬ್ರೇಕ್ ಮೇಲೆ ಇಂಥಾ ಹಿಡಿತ ನೋಡಿಲ್ಲ," ಎಂದು ಹೇಳಿ ಹೆಡ್‌ಮೇಡಂ ಹಾಳೆಯ ಮೇಲೆ ಪಾಸು ಅಂತ ಬರೆದರು.

ಮೇಷ್ಟ್ರ ಕಾಲು ನೆಲದ ಮೇಲಿರಲಿಲ್ಲ. ನಾಲ್ಕು ಸಲ ಫೇಲಾದವರು ಪಾಸಾದರು ಅಂದಮೇಲೆ ಯಾರು ಏನು ಅಂದಾರು? ಹೊಟ್ಟೆಯ ಲಾರಿ ಕೂಡ ಗುಡ್ಡ ಹತ್ತಿ ಮುಗಿಸಿದ ಹಾಗೆ ಶಾಂತವಾಯಿತು.

ಐದು ಗಂಟೆಗೆ ಯಜಮಾನರು ಕರೆದರು. ಮೇಜಿನ ಮೇಲೆ ನಾಲ್ಕನೇ ಪತ್ರವಿತ್ತು. ಅಕ್ಷರ ಮುತ್ತಿನಂತಿತ್ತು. ಯಜಮಾನರು ಓದಿದರು:

"'ಸದರಿ ಮೇಷ್ಟ್ರು ಈ ದಿನ ಬೆಳಗಿನ ಪಾಠದಲ್ಲಿ ನನ್ನನ್ನು ಒಂದು ಬಾರಿಯೂ ಬೈದಿರುವುದಿಲ್ಲ. ಕೂಗಬೇಕಾದಲ್ಲಿ ಕೂಗದೆ, ಆಕಳಿಸುತ್ತಾ ಕುಳಿತಿದ್ದು, ವಿದ್ಯಾರ್ಥಿಯ ಭವಿಷ್ಯದ ಬಗ್ಗೆ ಪೂರ್ಣ ನಿರ್ಲಕ್ಷ್ಯ ತೋರಿಸಿರುತ್ತಾರೆ. ಪರೀಕ್ಷೆಯಲ್ಲೂ ಕೊನೇ ಗಳಿಗೆಯವರೆಗೆ ತಡಮಾಡಿ ಕೂಗಿರುತ್ತಾರೆ.'"

"ಸರ್, ಅವರು ಪಾಸಾದ್ರಲ್ಲ!"

"ಪಾಸಾದ್ಮೇಲೆ ಬರೆದದ್ದು. ಫೇಲಾಗಿ ಬರೆದಿದ್ರೆ ಹೊಟ್ಟೆಕಿಚ್ಚು ಅನ್ಬಹುದಿತ್ತು."

"ಆದ್ರೆ ನೀವೇ ಕೂಗ್ಬೇಡಿ ಅಂದಿದ್ರಿ..."

"ನಾನಂದದ್ದು ನಾಲ್ಕನೇ ದೂರು ಬರಬಾರದು ಅಂತ. ಯಾತಕ್ಕೆ ಬರಬಾರದು ಅಂತ ಅಂದಿರ್ಲಿಲ್ಲ." ಯಜಮಾನರು ಪತ್ರವನ್ನು ಮಿಕ್ಕ ಮೂರರ ಜೊತೆ ಸೇರಿಸಿ ಪಿನ್ನು ಹೊಡೆದರು. "ಈಗಿಂದಲೇ ಕೂತ್ಕೊಂಡುಬಿಡಿ. ಫೋನ್ ಮೇಜು ಖಾಲಿ ಇದೆ."

ಮೇಷ್ಟ್ರು ಕೂತರು. ಎದುರಿನ ಬೆಂಚಿನ ಮೇಲೆ ಹೊಸದಾಗಿ ಸೇರಲು ಬಂದ ಮೂವರು ಫಾರಂ ತುಂಬುತ್ತಿದ್ದರು. ಐದು ನಿಮಿಷ ಆಗಿರಲಿಲ್ಲ, ಫೋನು ಹೊಡೆದುಕೊಂಡಿತು.

"ಹಲೋ, ಮೇಷ್ಟ್ರಾ? ನಾನು ಹೆಡ್‌ಮೇಡಂ ಮನೆಯವರು," ಎಂದಿತು ಅವಸರದ ಗಂಡು ಧ್ವನಿ. "ಪಾಸಾದ ಖುಷೀಲಿ ನಮ್ಮವಳು ನನ್ನನ್ನ ಕೂರಿಸ್ಕೊಂಡು ಮನೆಗೆ ಹೊರಟಿದ್ದಾಳೆ. ನಮ್ಮ ಬೀದಿ ಇಳಿಜಾರು, ಕೊನೇಲಿ ನಮ್ಮನೆ ಗೇಟು. ನಾನು ಹೇಳಿದ್ರೆ ಇವಳ ಕಿವಿಗೆ ಬೀಳಲ್ಲ, ನಲವತ್ತು ವರ್ಷದಿಂದ ಹೀಗೇ. ಫೋನು ಸ್ಪೀಕರಿಗೆ ಹಾಕಿದ್ದೀನಿ. ಗೇಟು ಬಂತು ಮೇಷ್ಟ್ರೇ, ನಿಮ್ಮ ದಮ್ಮಯ್ಯ, ಒಂದೇ ಒಂದು ಸಲ..."

ಮೇಷ್ಟ್ರು ಯಜಮಾನರ ಬಾಗಿಲ ಕಡೆ ನೋಡಿದರು. ಬೆಂಚಿನ ಮೇಲಿನ ಮೂವರನ್ನು ನೋಡಿದರು. ಕಣ್ಣು ಮುಚ್ಚಿಕೊಂಡರು.

"ಬ್ರೇಏಏಏಏಕ್!"

ಕಿಟಕಿಯ ಗಾಜು ಜುಮ್ಮೆಂದಿತು. ಬೆಂಚಿನ ಮೇಲೆ ಮೂರು ಪೆನ್ನು ಒಟ್ಟಿಗೆ ಬಿದ್ದವು. ಫೋನಿನಲ್ಲಿ ಟೈರು ಕಿರ್ರೆಂದಿತು. ಆಮೇಲೆ, "ನಿಂತ್ವಿ ಮೇಷ್ಟ್ರೇ. ಪುಣ್ಯ ಬರಲಿ ನಿಮಗೆ. ನಾಳೆ ಒಂಬತ್ತಕ್ಕೆ ಮಾರ್ಕೆಟ್ಟಿಗೆ ಹೊರಡ್ತೀವಿ, ಫೋನ್ ಹತ್ರಾನೇ ಇರಿ."

ಮೇಷ್ಟ್ರು ಫೋನಿಟ್ಟು ತಲೆಯೆತ್ತಿದರು. ಬೆಂಚಿನವರಲ್ಲೊಬ್ಬರು ಎದ್ದು ಬಂದು, ಎರಡೂ ಕಿವಿಗೆ ಬೆರಳು ತೂರಿ ಅಲುಗಾಡಿಸಿಕೊಳ್ಳುತ್ತಾ ಮೇಜಿನ ಮುಂದೆ ನಿಂತಿದ್ದರು.

"ಇಲ್ಲಿ ದೂರು ಯಾರ ಹತ್ರ ಕೊಡ್ಬೇಕ್ರೀ?"

"ನನ್ನ ಹತ್ರಾನೇ," ಅಂದರು ಮೇಷ್ಟ್ರು, ಆದಷ್ಟೂ ಮೆಲ್ಲಗೆ, ಒಂದು ಬಿಳಿ ಹಾಳೆಯನ್ನು ಅವರ ಮುಂದೆ ಸರಿಸುತ್ತಾ.

"ಏನಂದ್ರಿ? ಒಂದೂ ಕೇಳಿಸ್ತಿಲ್ಲ," ಅಂದರು ಆತ. "ಸ್ವಲ್ಪ ಜೋರಾಗಿ ಹೇಳಿ."