ಬೆಟ್ಟ ಹತ್ತಿದ ಬ್ಯಾಗು

"ಈ ಸಲ ಕ್ಯಾಮೆರಾ ಬ್ಯಾಗನ್ನು ನಾನೇ ಆರಿಸ್ತೀನಿ! ಯಾರ ಸಲಹೇನೂ ಕೇಳಲ್ಲ!" ಎಂದು ಊಟದ ಮೇಜು ಗುದ್ದಿ ಘೋಷಿಸಿದೆ. ಗುದ್ದಿದ ರಭಸಕ್ಕೆ ನೀರಿನ ಲೋಟ ಉರುಳಿ ಹೆಂಡತಿಯ ಮಡಿಲು ಸೇರಿತು. ಅಲ್ಲಿಗೆ ನನ್ನ ಕೋಪಕ್ಕೆ ಸರಿಜೋಡಿಯಾದ ಇನ್ನೊಂದು ಕೋಪ ಮನೆಯಲ್ಲಿ ಎದ್ದು ನಿಂತಿತು.

ನನ್ನ ಕೋಪಕ್ಕೆ ಕಾರಣವಿತ್ತು. ಹಿಂದಿನ ಸಲ ಬೆಟ್ಟಕ್ಕೆ ಹೋದಾಗ ಹೆಂಡತಿಯ ತಮ್ಮನ ಮಾತು ಕೇಳಿದ್ದೆ. ಅವನಿಗೆ ನಾನಿಟ್ಟಿರುವ ಹೆಸರು ಬುದ್ಧಿಭಂಡಾರ. ಕೇಳಿದರೂ ಕೇಳದಿದ್ದರೂ ಬುದ್ಧಿ ಹೇಳುತ್ತಾನೆ, ಖಾಲಿಯಾಗುವುದೇ ಇಲ್ಲ. "ಅಯ್ಯೋ ಭಾವ, ಅದಕ್ಕೆಲ್ಲ ಬ್ಯಾಗ್ ಯಾಕೆ? ಒಂದು ಟವೆಲ್ಲಲ್ಲಿ ಸುತ್ತಿ ಯಾವುದಾದ್ರೂ ಚೀಲಕ್ಕೆ ತುರುಕಿ" ಅಂದ. ತುರುಕಿದೆ. ಪಕ್ಕದಲ್ಲಿದ್ದ ನೀರಿನ ಬಾಟಲಿ ಸೋರಿತು. ಟವೆಲ್ಲು ತನ್ನ ಕುಲಧರ್ಮಕ್ಕೆ ತಕ್ಕಂತೆ ಅಷ್ಟನ್ನೂ ಹೀರಿಕೊಂಡು ಕ್ಯಾಮೆರಾವನ್ನು ಗಟ್ಟಿಯಾಗಿ ಅಪ್ಪಿಕೊಂಡಿತು. ರಿಪೇರಿಯವನು ಅದನ್ನು ಬಗ್ಗಿಸಿ ನೀರು ಬಸಿಯುತ್ತ, "ಇನ್ನೊಂದು ಸಲ ಹಿಂಗಾದ್ರೆ ನನ್ನ ಹತ್ರ ತರಬೇಡಿ ಸಾರ್. ಇದರೊಳಗೆ ಮೀನು ಸಾಕಿಕೊಳ್ಳಿ" ಅಂದ.

ಹೆಂಡತಿಯ ಕೋಪಕ್ಕೆ ಕಾರಣ ಬರೀ ಒದ್ದೆ ಮಡಿಲಲ್ಲ. ಅದು ಹಳೆಯದು, ಗೋಡೆಯ ಮೇಲೆ ನೇತಾಡುತ್ತಿತ್ತು. ನಮ್ಮ ನಡುಮನೆಯಲ್ಲಿ ನಾನೇ ತೆಗೆದ ಒಂದು ಮಿಂಚುಳ್ಳಿಯ ಚಿತ್ರವಿದೆ, ಬಾಗಿಲಿನಷ್ಟು ದೊಡ್ಡದು. ಇವಳ ಒಳ್ಳೆಯ ಫೋಟೋ ಒಂದೂ ಇಲ್ಲ. ಇದ್ದವುಗಳಲ್ಲಿ ಕಣ್ಣು ಮುಚ್ಚಿದ್ದಾಳೆ, ಇಲ್ಲವೇ ಅರ್ಧ ತಲೆ ಚೌಕಟ್ಟಿನ ಆಚೆಗಿದೆ.

ಮಡಿಲು ಒರೆಸಿಕೊಳ್ಳುತ್ತ ಅವಳೂ ಘೋಷಿಸಿದಳು.

"ಬ್ಯಾಗ್ ಏನಾದ್ರೂ ತಗೊಳ್ಳಿ. ಆದ್ರೆ ಈ ಭಾನುವಾರ ಬೆಟ್ಟದ ತುದೀಲಿ ನನ್ನದೊಂದು ಒಳ್ಳೆ ಫೋಟೋ ತೆಗೀಬೇಕು. ಈ ಹಕ್ಕಿ ಗೋಡೆಯಿಂದ ಇಳೀಬೇಕು, ನಾನು ಹತ್ತಬೇಕು. ಇಷ್ಟು ವರ್ಷ ಇದರ ಧೂಳು ಒರೆಸಿದ್ದು ಸಾಕು."

"ಆಗದಿದ್ರೆ?"

"ಕ್ಯಾಮೆರಾ ನನ್ನ ತಮ್ಮಂಗೆ."

ಬುದ್ಧಿಭಂಡಾರನ ಕಣ್ಣು ನನ್ನ ಕ್ಯಾಮೆರಾದ ಮೇಲೆ ಬಿದ್ದು ಬಹಳ ಕಾಲವಾಗಿತ್ತು.

ಅಂಗಡಿಗೆ ಹೋದೆವು. ಮಾರಾಟದವನು ಟೇಪು ಹಿಡಿದುಕೊಂಡು ಎದುರಿಗೆ ಬಂದ.

"ಸಾರ್, ನಿಮ್ಮ ಬೆನ್ನಿನ ಉದ್ದ ಎಷ್ಟು?"

ನಖಶಿಖಾಂತ ಉರಿದುಹೋಯಿತು. "ಹೆಣ್ಣು ಕೊಟ್ಟ ಮಾವನೇ ನನ್ನ ಬೆನ್ನು ಅಳೆದಿಲ್ಲ. ನೀನ್ಯಾರಯ್ಯ?"

"ಅಪ್ಪ ಅಳೀಬೇಕಿತ್ತು" ಎಂದಳು ಹೆಂಡತಿ.

ಮೊದಲ ಬ್ಯಾಗಿನ ಸೊಂಟಪಟ್ಟಿ ನನ್ನ ಹೊಟ್ಟೆಯ ಅರ್ಧದಾರಿಗೆ ಬಂದು ಕೈಚೆಲ್ಲಿತು. ಎರಡನೆಯದು ಮೇಲಿನಿಂದ ತೆರೆಯುವಂಥದ್ದು. ಅದರ ತಳದಿಂದ ಕ್ಯಾಮೆರಾ ತೆಗೆಯಬೇಕಾದರೆ ಬಾವಿಗೆ ಬಿದ್ದ ಕೊಡ ತೆಗೆದ ಅನುಭವ ಬೇಕು. ಮೂರನೆಯದು ಪಕ್ಕದಿಂದ ತೆರೆಯುವಂಥದ್ದು. "ಒಂದು ಹೆಗಲು ಬಿಟ್ಟು ಗರ್ರನೆ ಮುಂದಕ್ಕೆ ತಿರುಗಿಸಿ ಸಾರ್" ಅಂದ. ತಿರುಗಿಸಿದೆ. ಗಾಜಿನ ಕಪಾಟಿನ ಪಕ್ಕ ಸಾಲಾಗಿ ನಿಂತಿದ್ದ ಟ್ರೈಪಾಡುಗಳು ಒಂದರ ಮೇಲೊಂದು ಒರಗಿ, ಕೊನೆಯದು ಹೋಗಿ ಅಂಗಡಿಯ ಯಜಮಾನರ ಕಾಲ ಮೇಲೆ ಮಲಗಿತು.

"ಇಷ್ಟು ಇಕ್ಕಟ್ಟಿನಲ್ಲಿ ಅಂಗಡಿ ಇಡ್ತಾರೇನ್ರೀ?" ಎಂದು ನಾನೇ ಮೊದಲು ರೇಗಿದೆ. ತಪ್ಪು ನಮ್ಮದಾದಾಗ ಮೊದಲ ರೇಗಾಟವೂ ನಮ್ಮದೇ ಆಗಿರಬೇಕು. ಇದು ನನ್ನ ಸಂಸಾರಾನುಭವ.

ಆಗ ಬಂತು ನಾಲ್ಕನೆಯದು. ಆಹಾ! ಬೂದು ಬಣ್ಣ, ಎದೆಗೊಂದು ಪಟ್ಟಿ, ಸೊಂಟಕ್ಕೊಂದು ಪಟ್ಟಿ, ತಳದಲ್ಲಿ ಅಡಗಿಕೊಂಡ ಮಳೆಯಂಗಿ. ಒಳಗೆ ಮೆತ್ತೆ ಹಾಕಿದ ಅಡ್ಡಗೋಡೆಗಳು; ಲೆನ್ಸಿಗೊಂದೊಂದು ಕೋಣೆ. ನನ್ನ ಮನೆಯಲ್ಲಿ ನನಗೇ ಅಷ್ಟು ಮೆತ್ತನೆಯ ಕೋಣೆಯಿಲ್ಲ. ಬಾಗಿಲು ಮಾತ್ರ ಬೆನ್ನಿಗೆ ಒರಗುವ ಕಡೆಯಲ್ಲಿತ್ತು.

"ಕಳ್ಳ ಹಿಂದಿನಿಂದ ಬಂದ್ರೂ ತೆರೆಯೋಕಾಗಲ್ಲ ಸಾರ್."

"ಇವರಿಗಾದ್ರೂ ಆಗುತ್ತಾ?" ಹೆಂಡತಿ ಕೇಳಿದಳು. ಆಮೇಲೆ ಬ್ಯಾಗಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ನೀರಿನ ಬಾಟ್ಲಿ ಎಲ್ಲಿಡೋದು? ಊಟದ ಡಬ್ಬಿ?" ಎಂದಳು.

ನಾನೂ ಮಾರಾಟದವನೂ ಅವಳನ್ನು ಕನಿಕರದಿಂದ ನೋಡಿದೆವು.

"ಇದು ಕ್ಯಾಮೆರಾ ಬ್ಯಾಗು ಕಣೇ! ಊಟ ತುಂಬೋಕೆ ಇದೇನು ಅಡುಗೆಮನೆಯಾ?"

"ದಿನವೆಲ್ಲ ಬೆಟ್ಟ ಹತ್ತೋರು ಲೆನ್ಸ್ ನೆಕ್ಕಿಕೊಂಡು ಇರ್ತಾರಾ? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ!"

"ನಾನು ಆರಿಸ್ತೀನಿ ಅಂದಿದ್ದೆ. ಆರಿಸಿದ್ದೀನಿ!"

ಮನೆಗೆ ಬರುವ ದಾರಿಯುದ್ದಕ್ಕೂ ಅವಳು ಕಿಟಕಿಯ ಆಚೆಗಿನ ಪ್ರಪಂಚದೊಂದಿಗೆ ಮಾತ್ರ ಸಂಬಂಧ ಇಟ್ಟುಕೊಂಡಿದ್ದಳು.

ಭಾನುವಾರ ಬೆಳಗಾಯಿತು. ಹೊರಡುವ ಮುಂಚೆ ಬ್ಯಾಗಿನ ಅಡ್ಡಗೋಡೆಗಳನ್ನು ನನ್ನ ಲೆನ್ಸುಗಳ ಅಳತೆಗೆ ಕೂರಿಸಬೇಕಿತ್ತು. ಅವೆಲ್ಲ ಚರ್ರೆಂದು ಕಿತ್ತು, ಮತ್ತೆ ಅಂಟಿಸುವ ಅಂಟುಪಟ್ಟಿಯವು. ಅಂಟಬೇಕಾದ ಕಡೆ ಅಂಟವು, ಬೇಡದ ಕಡೆ ಬಿಡವು. ಥೇಟ್ ನಂಟರ ಹಾಗೆ. ಒಂದನ್ನು ಕೂರಿಸಿದರೆ ಇನ್ನೊಂದು ಎದ್ದು ಬರುತ್ತಿತ್ತು. ನಾನು ಅವುಗಳಿಗೆ ಬಯ್ಯುತ್ತ ಕಿತ್ತು ಕಿತ್ತು ಪಕ್ಕಕ್ಕೆ ಎಸೆಯುತ್ತಿದ್ದೆ. ಎಸೆದ ಒಂದು ಗೋಡೆ ಕುರ್ಚಿಯ ಮೇಲಿದ್ದ ಹೆಂಡತಿಯ ನೀಲಿ ಸ್ವೆಟರಿಗೆ ಹೋಗಿ ಅಂಟಿತು. ಅದು ಇವತ್ತಿನ ಫೋಟೋಕ್ಕೆಂದೇ ಅವಳು ತೆಗೆದಿಟ್ಟಿದ್ದ ಸ್ವೆಟರು! ಗಾಬರಿಯಿಂದ ಎಳೆದೆ. ಚರ್ರ್! ಅಂಟುಪಟ್ಟಿಯ ಜೊತೆಗೆ ಮೊಣಕೈಯ ಉಣ್ಣೆಯೂ ಉದ್ದಕ್ಕೆ ಎದ್ದು ಬಂತು.

"ಏನ್ರೀ ಅದು ಸದ್ದು?"

"ಗೋಡೆ ಬಿತ್ತು."

"ಯಾರ ಮನೇದು?"

ಬಂದು ನೋಡಿದಳು. ಸ್ವೆಟರನ್ನು ಹಾಕಿಕೊಂಡು ತೋಳು ಎತ್ತಿ ಹಿಡಿದಳು. ಮೊಣಕೈ ತೂತಿನಿಂದ ಇಣುಕಿತು. "ಇನ್ನು ನಾನು ಬಲಗಡೆಯಿಂದ ಮಾತ್ರ ಫೋಟೋಕ್ಕೆ ನಿಲ್ಲಬೇಕು. ಸಂತೋಷ ಆಯ್ತಾ?"

ಇಷ್ಟಾದ ಮೇಲಾದರೂ ನಾನು ತೆಪ್ಪಗಿರಬೇಕಿತ್ತು. ಇರಲಿಲ್ಲ. ಅಷ್ಟರಲ್ಲಿ ಬುದ್ಧಿಭಂಡಾರನ ಸಂದೇಶ ಬಂತು: "ಭಾವ, ಟವೆಲ್ ಮರೀಬೇಡಿ!" ಜೊತೆಗೆ ಹಲ್ಲು ಕಿರಿಯುವ ಮೂರು ಮುಖಗಳು. ಮೈಯೆಲ್ಲ ಉರಿಯಿತು. ಬ್ಯಾಗು ಬೆನ್ನಿಗೇರಿಸಿ ನಿಂತ ನನ್ನ ಭವ್ಯ ಚಿತ್ರವೊಂದನ್ನು ಅವನ ಮುಖಕ್ಕೆ ಹಿಡಿಯಲೇಬೇಕು ಅನ್ನಿಸಿತು.

"ಒಂದು ಫೋಟೋ ತೆಗೀತೀಯಾ?"

"ಬ್ಯಾಗಿನ ಫೋಟೋನಾ? ನನ್ನ ಕೈಲಾಗಲ್ಲ."

ಬೇಡ ಬಿಡು! ಕ್ಯಾಮೆರಾವನ್ನು ಚಪ್ಪಲಿ ಗೂಡಿನ ಮೇಲಿಟ್ಟೆ, ತಾನಾಗಿ ಕ್ಲಿಕ್ಕಿಸುವಂತೆ ಗುಂಡಿ ಒತ್ತಿದೆ. ಬ್ಯಾಗು ಚೆನ್ನಾಗಿ ಕಾಣಲೆಂದು ಕ್ಯಾಮೆರಾಕ್ಕೆ ಬೆನ್ನು ತಿರುಗಿಸಿ, ದಂಡಯಾತ್ರೆಗೆ ಹೊರಟ ಸೇನಾಪತಿಯಂತೆ ಎದೆ ಸೆಟೆಸಿ ನಿಂತೆ. ಕ್ಲಿಕ್! ಅದೇ ಹೊತ್ತಿಗೆ ಹೊರಗಡೆ ಟ್ಯಾಕ್ಸಿ ಹಾರ್ನ್ ಕಿರುಚಿತು.

"ಬನ್ರೀ! ಅವನು ಹೊರಟೇಹೋಗ್ತಾನೆ!" ಹೆಂಡತಿ ನೀರಿನ ಬಾಟಲಿ, ಡಬ್ಬಿಗಳಿದ್ದ ಬಟ್ಟೆ ಚೀಲ ಹೊತ್ತು ಓಡಿದಳು. ಸೇನಾಪತಿ ಹಿಂದೆಯೇ ಓಡಿದ.

ಬೆಟ್ಟದ ಬುಡದಿಂದಲೇ ಬ್ಯಾಗು ನನ್ನನ್ನು ಹಿಂದಕ್ಕೆ ಎಳೆಯತೊಡಗಿತು. ನಾನು ಒಂದು ಹೆಜ್ಜೆ ಮುಂದಿಟ್ಟರೆ ಅದು ಅರ್ಧ ಹೆಜ್ಜೆ ವಾಪಸು ಕರೆಯುತ್ತಿತ್ತು. ಎದೆಪಟ್ಟಿ ಉಸಿರು ಕಟ್ಟಿಸುತ್ತಿತ್ತು, ಸೊಂಟಪಟ್ಟಿ ಬೆಳಗಿನ ತಿಂಡಿಯನ್ನು ಗಂಟಲಿಗೆ ಕಳಿಸುತ್ತಿತ್ತು. ಆದರೂ ಇಳಿಸಲಿಲ್ಲ. ಇಳಿಸಿದರೆ ಸೋತಂತೆ!

"ಸ್ವಲ್ಪ ನೀರು ಕೊಡೇ."

"ನಿಮ್ಮ ಬ್ಯಾಗಲ್ಲಿ ಲೆನ್ಸ್ ಒರೆಸೋ ದ್ರಾವಣ ಇದೆಯಲ್ಲ, ಕುಡೀರಿ."

ಏದುಸಿರು ಬಿಡುತ್ತ ತುದಿ ಮುಟ್ಟಿದೆವು. ಮುಟ್ಟಿದ ಮೇಲೆ ನನ್ನ ಸಿಟ್ಟೂ ಒಂದು ಕ್ಷಣ ಬಾಯಿ ಮುಚ್ಚಿತು. ಕೆಳಗೆ ಹತ್ತಿಯಂತೆ ಹರಡಿದ ಮೋಡ, ಮೇಲೆ ತೊಳೆದಿಟ್ಟ ಆಕಾಶ. ಹೆಂಡತಿ ಬಂಡೆಯೊಂದರ ಮೇಲೆ ಕೂತು, ಕೂದಲು ಸರಿಮಾಡಿಕೊಂಡು, ತೂತಿನ ಮೊಣಕೈಯನ್ನು ಹಿಂದಕ್ಕೆ ಮರೆಮಾಡಿದಳು. ಬಿಸಿಲು ನೇರವಾಗಿ ಅವಳ ಮುಖದ ಮೇಲೆ ಬಿತ್ತು. ಕಣ್ಣು ಪೂರ್ತಿ ತೆರೆದಿದ್ದವು. ನಿಜ ಹೇಳುತ್ತೇನೆ, ಯಾವ ಮಿಂಚುಳ್ಳಿಯೂ ಹಾಗೆ ಕೂತದ್ದನ್ನು ನಾನು ಕಂಡಿಲ್ಲ.

"ಬೇಗ ತೆಗೀರಿ. ನಗು ಹೋಗೋದ್ರೊಳಗೆ."

ಬ್ಯಾಗನ್ನು ಬೋರಲು ಮಲಗಿಸಿ, ಖಜಾನೆಯ ಬಾಗಿಲಿನಂತೆ ಜಿಪ್ಪು ಸರಿಸಿದೆ. ಲೆನ್ಸುಗಳು ತಂತಮ್ಮ ಕೋಣೆಗಳಲ್ಲಿ ಸುಖನಿದ್ರೆಯಲ್ಲಿದ್ದವು. ನಡುವೆ ಕ್ಯಾಮೆರಾದ ಕೋಣೆ. ಅಲ್ಲಿ ಕ್ಯಾಮೆರಾದ ಆಕಾರದ ಗಾಳಿ ಇತ್ತು.

"ಕಳ್ಳತನ!" ಎಂದು ಕೂಗಿದೆ. "ಟ್ಯಾಕ್ಸಿಯಲ್ಲಿ ಕದ್ದಿದ್ದಾರೆ! ದರಿದ್ರದ ಬ್ಯಾಗು!"

"ನೀವು ಬೆನ್ನಿಂದ ಇಳಿಸೇ ಇಲ್ಲ. ಕದಿಯೋನು ನಿಮ್ಮ ಬೆನ್ನೊಳಗಿಂದ ಬರಬೇಕಿತ್ತು." ನಗು ಇನ್ನೂ ಅವಳ ಮುಖದ ಮೇಲಿತ್ತು, ಆದರೆ ಕಣ್ಣುಗಳು ಆಗಲೇ ನಗು ನಿಲ್ಲಿಸಿದ್ದವು. "ಬೆಳಿಗ್ಗೆ ಬ್ಯಾಗಿನ ಫೋಟೋ ಯಾವುದರಲ್ಲಿ ತೆಗೆದ್ರಿ?"

ಆಗ ಬ್ಯಾಗು ನನ್ನ ಬೆನ್ನ ಮೇಲಿತ್ತು. ಅದನ್ನು ಮೆಚ್ಚಿ ನೋಡುತ್ತ ಕ್ಯಾಮೆರಾ ಚಪ್ಪಲಿ ಗೂಡಿನ ಮೇಲಿತ್ತು. ಈಗಲೂ ಅಲ್ಲೇ ಇತ್ತು.

"ಫೋನಲ್ಲಿ ತೆಗೀಲಾ?" ಎಂದು ಜೇಬಿಗೆ ಕೈ ಹಾಕಿದೆ.

"ಫೋನಲ್ಲಿ ತೆಗೆದದ್ದು ಫೋಟೋ ಅಲ್ಲ ಅಂತ ಕಂಡೋರಿಗೆಲ್ಲ ಭಾಷಣ ಬಿಗಿದೋರು ಯಾರು? ಫೋನಲ್ಲಿ ತೆಗೆಸಿಕೊಳ್ಳೋಕೆ ನಾನು ಬೆಟ್ಟ ಯಾಕೆ ಹತ್ತಬೇಕಿತ್ತು? ಬಚ್ಚಲಮನೆ ಮುಂದೆ ನಿಲ್ತಿದ್ದೆ!"

ಅವಳು ಚೀಲ ಬಿಚ್ಚಿದಳು. ಮೋಡ ನೋಡುತ್ತ ತನ್ನ ಡಬ್ಬಿ ಮುಗಿಸಿದಳು. ಆಮೇಲೆ, ಅದೇ ಮೋಡ ನೋಡುತ್ತ, ನನ್ನದನ್ನೂ ಮುಗಿಸಿದಳು.

ಮನೆಯ ಬಾಗಿಲು ತೆರೆದಾಗ ಕ್ಯಾಮೆರಾ ಗೂಡಿನ ಮೇಲಿಂದ ಒಂಟಿಗಣ್ಣಿನಲ್ಲಿ ನನ್ನನ್ನು ಸ್ವಾಗತಿಸಿತು. ಹೆಂಡತಿಯೇ ಅದನ್ನೆತ್ತಿ ಕೊನೆಯ ಚಿತ್ರ ತೆರೆದಳು. ಚಿತ್ರದ ತುಂಬಾ ನನ್ನ ಬ್ಯಾಗು. ಒಂದೊಂದು ಹೊಲಿಗೆಯೂ ಎಣಿಸುವಷ್ಟು ಸ್ಪಷ್ಟ. ಅದರ ಪಕ್ಕದಿಂದ, ಬಾಟಲಿ ಡಬ್ಬಿ ಹಿಡಿದು ಇತ್ತಲೇ ನೋಡುತ್ತ ಬರುತ್ತಿರುವ, ಮಂಜುಮಂಜಾದ ಒಂದು ನೀಲಿ ಸ್ವೆಟರು.

"ನೋಡು, ನೀನೂ ಬಂದಿದ್ದೀಯ! ಕಣ್ಣೂ ತೆರೆದೇ ಇದೆ!" ಎಂದೆ, ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ.

"ಹೂಂ. ಇಲ್ಲೂ ಫೋಕಸ್ಸು ಬ್ಯಾಗಿನ ಮೇಲೇ" ಎಂದಳು. ಆಮೇಲೆ ಫೋನ್ ಎತ್ತಿ ತಮ್ಮನನ್ನು ಕರೆದಳು.

ಬುದ್ಧಿಭಂಡಾರ ಹಾರಿಕೊಂಡು ಬಂದ. ಬಂದವನೇ ಅಕ್ಕನನ್ನು ಕಿಟಕಿಯ ಪಕ್ಕ ನಿಲ್ಲಿಸಿ ಒಂದೇ ಒಂದು ಫೋಟೋ ತೆಗೆದ. ಹಾಳಾದವನು, ಚೆನ್ನಾಗಿಯೇ ತೆಗೆದ! ಮೊಣಕೈಯ ತೂತೂ ಅದರಲ್ಲಿ ಚಂದ ಕಾಣುತ್ತದೆ. ಅದೀಗ ನಡುಮನೆಯ ಗೋಡೆಯ ಮೇಲಿದೆ. ಮಿಂಚುಳ್ಳಿ ಮಂಚದ ಕೆಳಗಿದೆ. ಅದರ ಧೂಳು ಒರೆಸುವ ಕೆಲಸ ನನ್ನದು.

"ಈ ಬ್ಯಾಗನ್ನೂ ಒಯ್ಯಪ್ಪ" ಎಂದು ಹಲ್ಲು ಕಡಿದುಕೊಂಡು ಹೇಳಿದೆ.

"ಬೇಡ ಭಾವ, ನೀವಿಟ್ಕೊಳ್ಳಿ. ನನಗೆ ಒಂದು ಟವೆಲ್ ಇದ್ರೆ ಸಾಕು" ಎಂದು ನಮ್ಮ ಮನೆಯ ಟವೆಲ್ಲಿನಲ್ಲೇ ನನ್ನ ಕ್ಯಾಮೆರಾ ಸುತ್ತಿಕೊಂಡು ಹೋದ.

ಮರುವಾರ ಹೆಂಡತಿ ಆ ಬ್ಯಾಗನ್ನು ನನ್ನ ಬೆನ್ನಿಗೆ ಬಿಗಿದು, ಎದೆಪಟ್ಟಿ ಸೊಂಟಪಟ್ಟಿ ಹಾಕಿ, ಪೇಟೆಗೆ ಅಟ್ಟಿದಳು. ವಾಪಸು ಬಂದಾಗ ಮೇಜಿನ ಮೇಲೆ ಬೋರಲು ಮಲಗಿಸಿ ಜಿಪ್ಪು ಎಳೆದಳು. ಒಂದೊಂದೇ ಕೋಣೆಯಲ್ಲಿ ಕೈಯಾಡಿಸಿದಳು. ನಮ್ಮ ಮದುವೆಯಾದಾಗಿನಿಂದ ನಾನು ಕೇಳದ ಮಾತೊಂದು ಆಗ ಅವಳ ಬಾಯಿಂದ ಹೊರಬಿತ್ತು.

"ಪರವಾಗಿಲ್ಲ ರೀ, ಒಳ್ಳೇದನ್ನೇ ಆರಿಸಿದ್ದೀರಿ. ಒಂದು ಮೊಟ್ಟೇನೂ ಒಡೆದಿಲ್ಲ!"