ಸರಪಳಿಗೆ ಕಟ್ಟಿದ ಗಂಟೆ

ಮಲದ ಬುಟ್ಟಿಯನ್ನು ಇನ್ನೊಬ್ಬರ ತಲೆಯ ಮೇಲೆ ಹೊರಿಸಿ, ತಾವು ಗಂಧ ತೀಡಿಕೊಂಡು ಕೂಡುವ ಪುಣೆಯ ಸಭ್ಯರನ್ನು ನಾನು ವಾರಪತ್ರಿಕೆಯಲ್ಲಿ ಝಾಡಿಸಿದ್ದೇ ಝಾಡಿಸಿದ್ದು. ಓದಿದ ಹೆಂಡತಿ ತುಳಸಾ ಒಂದೇ ಮಾತು ಕೇಳಿದಳು: "ಎಲ್ಲಾ ಖರೆ. ನಮ್ಮ ಬುಟ್ಟಿ ಯಾರ ಹೊರತಾರ್ರಿ?"

ಭೀಮವ್ವ ಹೊರುತ್ತಿದ್ದಳು. (ಲೇಖನದಲ್ಲಿ ಆ ವಿಷಯಕ್ಕೆ ಜಾಗ ಸಾಲದೆ ಹೋಗಿತ್ತು.)

ಶನಿವಾರ ಪೇಟೆಯ ನಮ್ಮ ಗಲ್ಲಿಗೆ ಒಳಚರಂಡಿ ಬಂದಿತ್ತು. ನಾವು ಬಾಡಿಗೆಗಿದ್ದ ವಾಡೆಯ ಮಾಲೀಕ ಬಿಂದುಮಾಧವರಾಯರನ್ನು ಕಾಡಿ ಬೇಡಿ, ಸರಪಳಿ ಎಳೆಯುವ ವಿಲಾಯತಿ ಪಾಯಖಾನೆಯನ್ನು ನಮ್ಮ ಪಾಲಿಗೆ ಹಾಕಿಸಿಕೊಂಡೆ. (ರಾಯರು ಮಂಗಳವೇಢೆ ಕಡೆಯವರು, ವಿಧುರರು. ಮಾಳಿಗೆಯ ಮೇಲೆ ಒಬ್ಬರೇ ಜಪ ಮಾಡಿಕೊಂಡಿರುವವರು. ಬೆಳಗಿನ ಕಾರ್ಯಕ್ಕೆ ಮಾತ್ರ ಚೊಂಬು ಹಿಡಿದು ಮುಠಾ ಹೊಳೆಗೇ ಹೋಗುವವರು.) ಭೀಮವ್ವನಿಗೆ, ಇನ್ನು ನೀನು ಬರುವುದು ಬೇಡ ಎಂದು ಘನಗಂಭೀರವಾಗಿ ಹೇಳಿದೆ.

"ಕಾಯಿಪಲ್ಲೆ ಮಂಡೈದಾಗ ಕಸಾ ಹೊಡಿಯೂ ಕೆಲಸ ಸಿಕ್ಕೈತಿ, ಹೋಕ್ಕೀನಿ. ಮತ್ತ ಕರಿಯಂಗಿಲ್ಲಲ್ರಿ?" ಎಂದಳು.

ಕರೆಯುವುದಿಲ್ಲ ಎಂದು ಮಾತು ಕೊಟ್ಟೆ.

ಆದರೆ ಆ ಯಂತ್ರಕ್ಕೆ ಮರ್ಯಾದೆಯೆಂಬುದಿರಲಿಲ್ಲ. ಸರಪಳಿ ಎಳೆದರೆ ತಲೆಯ ಮೇಲಿನ ಕಬ್ಬಿಣದ ತೊಟ್ಟಿ ಗರ್ಜಿಸುತ್ತಿತ್ತು. ಮತ್ತೆ ತುಂಬುವಾಗ ತಗಡಿನ ಮೇಲೆ ಕಲ್ಲು ಸುರಿದಂತಾಗುತ್ತಿತ್ತು. ತುಂಬಿ ನಲ್ಲಿ ಮುಚ್ಚಿಕೊಂಡಿತೋ, ಗೋಡೆಯೊಳಗಿನ ಕೊಳವೆ 'ಧಡ್' ಎಂದು ಒದೆಯುತ್ತಿತ್ತು. ಆ ಗೋಡೆಯ ನೆತ್ತಿಯ ಮೇಲೇ ರಾಯರ ದೇವರಮನೆ.

ರಾಯರು ಒದ್ದೆ ಪಂಚೆಯಲ್ಲೇ ಇಳಿದು ಬಂದರು. "ರಾಘಣ್ಣಾ, ನಾ ಪ್ರಾಣಾಯಾಮಕ್ಕ ಮೂಗ ಹಿಡಕೊಂಡೆ ಅಂದ್ರ ನಿಮ್ಮನ್ಯಾಗ ಯಾರೋ ಸರಪಳಿ ಎಳೀತಾರ. ದೇವರು ಪೀಠದ ಮ್ಯಾಲೆ ಗಡಗಡ ನಡಗತಾನ. ಹುಣ್ಣಿಮಿಯೊಳಗ ಸಪ್ಪಳ ನಿಲ್ಲಲಿಲ್ಲ ಅಂದ್ರ ಇದನ್ನ ಕೀಳಸತೇನಿ. ಆ ಭೀಮವ್ವಗ ಹೇಳಿ ಕಳಸು."

ಭೀಮವ್ವನಿಗೆ ಕೊಟ್ಟ ಮಾತು ನೆನಪಾಯಿತು. ಶಾಲೆ ಹೆಚ್ಚು ಕಾಣದ ನಾನು ಲೋಕವನ್ನೆಲ್ಲ ಕಣ್ಣಿಂದಲೇ ಕಲಿತವನು. ಸ್ಟೂಲು ಹತ್ತಿ, ತೊಟ್ಟಿಯ ಮುಚ್ಚಳ ತೆಗೆದು, ತೇಲುವ ತಾಮ್ರದ ಚೆಂಡಿನ ಏಳುಬೀಳುಗಳನ್ನು ಅಧ್ಯಯನ ಮಾಡತೊಡಗಿದೆ. ಕೆಳಗೆ ತುಳಸಾ ಸ್ಟೂಲು ಹಿಡಿದಿದ್ದಳು.

"ಇಳೀರಿ. ಬಿದ್ದರ ಅದರಾಗs ಬೀಳತೀರಿ."

"ಪಂಡಿತರು ಆಕಾಶಾ ನೋಡಿ ಶಾಸ್ತ್ರ ಬರದ್ರು. ನಾ ತೊಟ್ಟಿ ನೋಡಿ ಬರೀತೇನಿ."

"ಬರಿಯೂದು ಆಮ್ಯಾಲೆ. ಮೊದಲ ಕೈ ತೊಳಕೋರಿ."

ರಹಸ್ಯ ಸಿಕ್ಕಿತು. ನೀರು ಎತ್ತರದಿಂದ ಬೀಳುವುದೇ ಗದ್ದಲದ ಮೂಲ. ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ನಲ್ಲಿಯ ಬಾಯಿಗೆ ಕಟ್ಟಿ ತಳಕ್ಕೆ ಇಳಿಬಿಟ್ಟೆ. ನೀರಿನ ರಭಸಕ್ಕೆ ಕೊಳವೆ ಒದೆಯುತ್ತದೆ. ನೀರು ಬರುವ ಹೊರಗಿನ ಚಾವಿಯನ್ನು ಅರ್ಧ ಮುಚ್ಚಿದೆ. ತೊಟ್ಟಿ ಗೋಡೆಗೆ ತಾಗುವಲ್ಲೆಲ್ಲ ರಬ್ಬರಿನ ತುಂಡು ತುರುಕಿದೆ. ಸರಪಳಿ ಎಳೆದೆ. ಒಂದು ನಿಟ್ಟುಸಿರಿನಷ್ಟು ಸದ್ದು, ಅಷ್ಟೇ. ಅಂದು ನಾನು ನಡೆದ ಠೀವಿಗೆ ಹಿಂದಿನಿಂದ ಚಾಮರ ಬೀಸುವವರೊಬ್ಬರ ಕೊರತೆಯಿತ್ತು.

ಆ ಮಧ್ಯಾಹ್ನ ಒಲೆ ಹೊತ್ತಲಿಲ್ಲ.

ನಮ್ಮ ಮನೆಯ ಅಡಿಗೆಗೂ ಮಡಿಗೂ ಚಕ್ರವರ್ತಿನಿ ಗೋದಾಕಾಕು, ನನ್ನ ಚಿಕ್ಕಪ್ಪನ ವಿಧವೆ. ಅಡಿಗೆಮನೆಯ ಹೊಸ್ತಿಲಿಗೆ ಅಡ್ಡ ಕೂತಿದ್ದಳು. "ಅದು ಗುಡುಗಿತು ಅಂದ್ರ ಯಾರೋ ಹೋಗ್ಯಾರ ಅಂತ ತಿಳೀತಿತ್ತು. ಅವರು ಬರೂದರಾಗ ಅಡ್ಡಗಟ್ಟಿ ಕಾಲ ತೊಳಸತಿದ್ದೆ. ಈಗ ಕಳ್ಳರಂಗ ಹೋಗಿ ಬರತೀರಿ. ಯಾರು ಮಡಿ, ಯಾರು ಮೈಲಿಗಿ?"

"ನಾವs ಹೇಳತೇವಿ, ಕಾಕೂ."

"ನೀ ಪೇಪರಿನಾಗ ಬರಿಯಾಂವ. ನಿನ್ನ ಮಾತ ಹೆಂಗ ನಂಬಲಿ?"

ರಾತ್ರಿಯೂ ಅವಲಕ್ಕಿ. ಮರುದಿನವೂ ಅವಲಕ್ಕಿ. ಕೊನೆಗೆ ಕಾಕು ಊರಿಂದ ತಂದಿದ್ದ ಆಕಳ ಕೊರಳಿನ ಕಂಚಿನ ಗಂಟೆಯನ್ನು ನನ್ನ ಕೈಯಿಂದಲೇ ಸರಪಳಿಗೆ ಕಟ್ಟಿಸಿದಳು. ಎಳೆದರೆ ಗಣಗಣ. ಅನ್ನ ಬೆಂದಿತು. ನಾನು ಮಾತ್ರ ಬೇಯುತ್ತಲೇ ಇದ್ದೆ: ಹುಣ್ಣಿಮೆ ಹತ್ತಿರ ಬಂದಿತ್ತು.

ಹುಣ್ಣಿಮೆಯ ಬೆಳಿಗ್ಗೆ ರಾಯರು ಇಳಿದು ಬಂದವರೇ ನನಗೆ ಕೈ ಮುಗಿದರು. "ತಪ್ಪಾತು, ರಾಘಣ್ಣಾ. ನಿನ್ನ ನಾಸ್ತಿಕ ಅಂತ ತಿಳದಿದ್ದೆ. ನೀ ಏಳೂದs ತಡಾ, ನಿನ್ನ ಆರತಿ ಗಂಟಿ ಕೇಳಸತದ. ಆಮ್ಯಾಲೆ ತುಳಸಾಬಾಯಿದು, ಗೋದಾಬಾಯಿದು. ಒಬ್ಬರೂ ಒಂದ ದಿವಸಾ ತಪ್ಪಸಂಗಿಲ್ಲ. ನಾನೂ ಮ್ಯಾಲಿಂದ ಕೈ ಮುಗೀತೇನಿ. ಇರಲಿ ನಿಮ್ಮ ಪಾಯಖಾನಿ."

ಸತ್ಯಕ್ಕಿಂತ ದೊಡ್ಡ ದೇವರಿಲ್ಲವೆಂದು ಆ ವಾರವಷ್ಟೇ ಎರಡು ಅಂಕಣ ಬರೆದಿದ್ದೆ. ಬಾಯಿ ತೆರೆದೆ. ಭೀಮವ್ವನ ತಲೆಯ ಮೇಲಿನ ಬುಟ್ಟಿ ಕಣ್ಣೆದುರು ಬಂತು. ಬಾಯಿ ಮುಚ್ಚಿದೆ.

ಆದರೆ ನಿನ್ನೆ ಉಡುಪಿ ಹೋಟೆಲಿನಲ್ಲಿ ಬಿಟ್ಟಿ ಸಿಕ್ಕಿತೆಂದು ಎರಡು ತಟ್ಟೆ ಭಜಿ ತಿಂದೆ. ಇಂದು ಬೆಳಗಿನಿಂದ ಗಂಟೆಗೆ ಬಿಡುವಿಲ್ಲ. ರಾಯರು ರೇಷ್ಮೆ ಮಡಿಯುಟ್ಟು, ತೆಂಗಿನಕಾಯಿ ಹೂವು ಹಿಡಿದು ಬಾಗಿಲಿಗೇ ಬಂದುಬಿಟ್ಟರು.

"ಇವತ್ತ ಒಂದs ಸವನ ಗಂಟಿ ಬಾರಸಾಕತ್ತೀರಿ. ಏನ ವಿಶೇಷ?"

"ಸಪ್ತಾಹ ಹಿಡದೇನ್ರಿ," ಎಂದೆ, ಹೊಟ್ಟೆ ಹಿಡಿದುಕೊಂಡು.

"ಸಪ್ತಾಹ ಬ್ಯಾಡ್ರಿ, ಮಜ್ಜಿಗಿ ಕುಡೀರಿ," ಎಂದಳು ತುಳಸಾ ಒಳಗಿನಿಂದ.

ರಾಯರು ತೆಂಗಿನಕಾಯಿಯನ್ನು ನನ್ನ ಕೈಗಿತ್ತು ಪಾದ ಮುಟ್ಟಲು ಬಗ್ಗಿದರು. ಅಷ್ಟರಲ್ಲಿ ಹೊಟ್ಟೆ ಇನ್ನೊಮ್ಮೆ ನುಲಿಯಿತು. ಆರತಿಯ ಹೊತ್ತಾಯಿತೆಂದು ಹೇಳಿ, ತೆಂಗಿನಕಾಯಿ ಸಮೇತ ಒಳಗೆ ಓಡಿದೆ. ಗಂಟೆ ಬಾರಿಸಿದಾಗ ಹೊರಗೆ ರಾಯರು ಮಂಗಳಾಷ್ಟಕ ಶುರು ಮಾಡಿದ್ದು ಕೇಳಿಸಿತು. ಅದರ ನಡುವೆ ಗೋದಾಕಾಕುವಿನ ದನಿಯೂ ಕೇಳಿಸಿತು:

"ರಾಘೂ, ಆರತಿ ಆದ ಮ್ಯಾಲೆ ಕಾಲ ತೊಳಕೊಂಡ ಬಾ. ಕಾಯಿನೂ ತೊಳಿ."